ಇದರ ತಲೆ ಯಾವ ಕಡೆ?

ಪ್ರದರ್ಶನ ಮುಗಿಯಿತು. 23 ಕ್ಯಾನ್ವಾಸ್‌ಗಳು ಮುಖಕ್ಕೆ ಮುಖ ಕೊಟ್ಟು ಮನೆಯ ಪಡಸಾಲೆಯಲ್ಲಿ ಒರಗಿ ನಿಂತಿವೆ. ಕೃತಜ್ಞತೆಯನ್ನು ಇನ್ನೊಂದು ವಾರ ಮುಂದೂಡಿದರೆ ಹೇಳದೆಯೇ ಉಳಿದುಹೋಗುತ್ತದೆ. ನನ್ನ ಸೋಮಾರಿತನ ನನಗೆ ಗೊತ್ತು.

ಕಳೆದೆರಡು ವರ್ಷ ಏನೇನಾಯಿತು, ಬಲಗೈ ಎಂಟು ತಿಂಗಳು ಕುಂಚ ಹಿಡಿಯಲಿಲ್ಲವೇಕೆ ಎಂಬುದು ಇದನ್ನು ಓದುವ ಬಹುತೇಕರಿಗೆ ತಿಳಿದಿದೆ. ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ಯಾರಿಗೂ ಹೇಳದಿದ್ದ ವಿಷಯ ಬೇರೆ: ಹುಟ್ಟೂರಿನಲ್ಲಿ ಏಕವ್ಯಕ್ತಿ ಪ್ರದರ್ಶನ ಮಾಡಲು ನನಗೆ ಅಳುಕಿತ್ತು. ಇಲ್ಲಿಯವರ ಪಾಲಿಗೆ ನಾನು ಈಗಲೂ ಹೈಸ್ಕೂಲಿನಲ್ಲಿ ಮೇಷ್ಟ್ರುಗಳ ಮುಖವನ್ನು ಥೇಟ್ ಹಾಗೆಯೇ ಬರೆಯುತ್ತಿದ್ದ ಹುಡುಗಿ. "ಮೊದಲು ಎಷ್ಟು ಚೆನ್ನಾಗಿ ಬರೆಯುತ್ತಿದ್ದೆ" ಎಂದು ಮರುಕದಿಂದ ಹೇಳುವವರು ಇಂದಿಗೂ ಇದ್ದಾರೆ. ಕೈ ಕೆಟ್ಟಿದ್ದರಿಂದಲೇ ಹೀಗೆ ಇಂಥದ್ದೆಂದು ಗುರುತಿಸಲಾಗದ, ಬರೀ ಬಣ್ಣ-ಆಕಾರಗಳ ಚಿತ್ರ ಬರೆಯುತ್ತಾಳೆ ಎಂದುಕೊಂಡವರೂ ಇದ್ದರು. (ಇಲ್ಲ. ಅಮೂರ್ತ ಚಿತ್ರ ಮೊದಲು, ಕೈ ಆಮೇಲೆ.)

ಸಭಾಂಗಣ ಬಿಟ್ಟುಕೊಟ್ಟವರು, ದೀಪಗಳ ಕೋನ ಸರಿಪಡಿಸಿ ಕ್ಯಾನ್ವಾಸ್‌ ಮೇಲಿನ ಹೊಳಪು ಕಣ್ಣಿಗೆ ಹೊಡೆಯದಂತೆ ನೋಡಿಕೊಂಡ ಇಬ್ಬರು ಹುಡುಗರು, ಆಮಂತ್ರಣ ಅಚ್ಚು ಹಾಕಿಸಿದ ಗೆಳತಿ, ಐದೂ ದಿನ ಬಾಗಿಲಲ್ಲಿ ಕೂತ ಅತ್ತಿಗೆ, ಎರಡನೆಯ ದಿನವೇ ಬಂದು ಏನೂ ಹೇಳದೆ ಒಂದು ಗಂಟೆ ನಿಂತುಹೋದ ನನ್ನ ಡ್ರಾಯಿಂಗ್ ಮೇಷ್ಟ್ರು, ಎಲ್ಲರಿಗೂ ನಾನು ಋಣಿ.

ಆದರೆ ಈ ಬರಹ ನಿಜಕ್ಕೂ ಒಬ್ಬರಿಗಾಗಿ. ಅವರು ನಮ್ಮ ಅಣ್ಣನ ಸಹಪಾಠಿ, ಕಸುಬಿನಲ್ಲಿ ಬಡಗಿ. ನನ್ನ ಕ್ಯಾನ್ವಾಸ್‌ಗಳ ಹಿಂದಿನ ಮರದ ಚೌಕಟ್ಟುಗಳನ್ನೆಲ್ಲ ಮಾಡಿಕೊಟ್ಟವರು. ಹೆಸರು ಹಾಕಬೇಡ ಎಂದಿದ್ದಾರೆ.

ಉದ್ಘಾಟನೆಯ ಹಿಂದಿನ ದಿನ ಮಧ್ಯಾಹ್ನ ಬರಬೇಕಿದ್ದ ಲಾರಿ ರಾತ್ರಿ ಒಂಬತ್ತಕ್ಕೆ ಬಂತು. ದಾರಿಯುದ್ದಕ್ಕೂ ಮಳೆ, ಮೇಲಿನ ಟಾರ್ಪಾಲಿನಲ್ಲಿ ತೂತು. ಪ್ಲಾಸ್ಟಿಕ್ ಸುತ್ತಿದ್ದರಿಂದ ಬಣ್ಣ ಉಳಿದಿತ್ತು, ಆದರೆ ಒಂಬತ್ತು ಕ್ಯಾನ್ವಾಸ್‌ಗಳು ಜೋತುಬಿದ್ದಿದ್ದವು. ದೊಡ್ಡದರ ನಡುವೆ ಯಾವುದೋ ಮೂಲೆ ಒತ್ತಿ ಅಂಗೈಯಷ್ಟು ತಗ್ಗು. ನಾನು ನೆಲದ ಮೇಲೆ ಕೂತು, ರದ್ದು ಮಾಡೋಣ ಎಂದೆ. ಅವರು ಉತ್ತರ ಕೊಡಲಿಲ್ಲ. ಚೀಲದಿಂದ ಸುತ್ತಿಗೆ ತೆಗೆದು ಮೊದಲ ಚಿತ್ರವನ್ನು ಬೋರಲು ಮಲಗಿಸಿದರು.

ಮೂಲೆಗಳಲ್ಲಿ ಸಣ್ಣ ಬೆಣೆಗಳಿರುತ್ತವೆ. ಅವನ್ನು ಒಂದೊಂದಾಗಿ, ನಾಲ್ಕೂ ಕಡೆ ಸಮವಾಗಿ ತಟ್ಟುತ್ತ ಹೋದರೆ ಚೌಕಟ್ಟು ಕೂದಲೆಳೆಯಷ್ಟು ಹಿಗ್ಗಿ ಬಟ್ಟೆ ಬಿಗಿಯುತ್ತದೆ. ಅವಸರದಿಂದ ಒಂದೇ ಕಡೆ ಹೊಡೆದರೆ ಚೌಕವೇ ಸೊಟ್ಟಗಾಗುತ್ತದೆ. ತಗ್ಗು ಬಿದ್ದ ಕಡೆ ಬೆನ್ನಿಗೆ ಹದವಾಗಿ ನೀರು ಸಿಂಪಡಿಸಿ ಕಾಯಬೇಕು. ಹತ್ತಿ ಬಟ್ಟೆ ಒಣಗುತ್ತ ತಾನೇ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ನೀರಿಗೆ ಕರಗದ ಅಕ್ರಿಲಿಕ್ ಬಣ್ಣವಾದ್ದರಿಂದ ನನಗೆ ಆ ಧೈರ್ಯ ಬಂತು. ತೈಲವರ್ಣವಾಗಿದ್ದರೆ ನೀರಿನ ಹನಿಯನ್ನೂ ಹತ್ತಿರ ಬಿಡುತ್ತಿರಲಿಲ್ಲ. ಒಂಬತ್ತನ್ನೂ ಮುಗಿಸುವಾಗ ರಾತ್ರಿ ಒಂದು ಗಂಟೆ ದಾಟಿತ್ತು. ಆಮೇಲೆ ಗೋಡೆ. ಚಿತ್ರದ ನಡುಭಾಗ ನೆಲದಿಂದ 57 ಇಂಚು ಎತ್ತರಕ್ಕೆ ಬರಬೇಕು ಎಂದೆ. ಅವರು ದಾರ ಎಳೆದರು, ರಸಮಟ್ಟ ಹಿಡಿದರು, ಮೊಳೆ ಹೊಡೆದರು.

ಪ್ರತಿಯೊಂದನ್ನು ಎತ್ತುವಾಗಲೂ ಒಂದೇ ಪ್ರಶ್ನೆ: "ಇದರ ತಲೆ ಯಾವ ಕಡೆ?" ಕಲಾವಿದೆ ಎನಿಸಿಕೊಂಡ ನಾನು ಯಾವುದರ ಬೆನ್ನಿಗೂ ಬಾಣದ ಗುರುತು ಹಾಕಿರಲಿಲ್ಲ. ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ ಅನ್ನಿ. 1961ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಫ್ರೆಂಚ್ ಕಲಾವಿದ ಮತೀಸನ ದೋಣಿಯ ಚಿತ್ರವನ್ನು 47 ದಿನ ತಲೆಕೆಳಗಾಗಿ ತೂಗುಹಾಕಿತ್ತು. ಕ್ಯಾಂಡಿನ್‌ಸ್ಕಿ ಎಂಬ ರಷ್ಯಾದ ಅಮೂರ್ತ ಚಿತ್ರಕಾರ ಒಂದು ಮುಸ್ಸಂಜೆ ಮನೆಗೆ ಮರಳಿ ಬಂದಾಗ ಗೋಡೆಗೆ ಒರಗಿದ್ದ ಅಪರಿಚಿತ ಚಿತ್ರ ಕಂಡು ಬೆರಗಾದನಂತೆ. ಅಡ್ಡಲಾಗಿ ನಿಂತಿದ್ದ ತನ್ನದೇ ಚಿತ್ರ ಅದು. ಇದನ್ನೆಲ್ಲ ಅವರಿಗೆ ಹೇಳಿ ನಗುತ್ತಿದ್ದೆ, ಹದಿನಾಲ್ಕನೆಯದು ಕೈಗೆ ಬರುವವರೆಗೆ.

ಅದು ಕೈ ನಿಂತ ತಿಂಗಳುಗಳಲ್ಲಿ ಎಡಗೈಯಿಂದ ಬರೆದದ್ದು. ಬೂದು ಬಣ್ಣದ ನಡುವೆ ಒಂದು ಕಡುಗಪ್ಪು ರಾಶಿ. ಅದರ ತಲೆ ಯಾವ ಕಡೆ ಎಂದು ನನಗೆ ನೆನಪಾಗಲಿಲ್ಲ. ನೆನಪಿರದಿದ್ದರೂ ನೋಡಿದರೆ ತಿಳಿಯಬೇಕಲ್ಲ? ತಿಳಿಯಲಿಲ್ಲ. ನನ್ನದೇ ಚಿತ್ರ ನನ್ನ ಗುರುತು ಹಿಡಿಯುತ್ತಿರಲಿಲ್ಲ. ಅವರು ಅದನ್ನು ನಾಲ್ಕೂ ಬದಿಗೆ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಕೇಳಿದರು: "ಹೀಗೆ ಇಟ್ಟರೆ ನಿಲ್ಲುತ್ತದೆ. ಹೀಗೆ ಇಟ್ಟರೆ ಬೀಳುತ್ತದೆ. ನಿಲ್ಲಬೇಕಾ, ಬೀಳಬೇಕಾ, ತಂಗಿ?"

ಇಷ್ಟು ವರ್ಷಗಳಲ್ಲಿ ನನ್ನ ಚಿತ್ರದ ಬಗ್ಗೆ ಯಾರೂ ಹಾಗೆ ಕೇಳಿರಲಿಲ್ಲ. "ಏನಿದು" ಎಂದು ಕೇಳಿದವರೇ ಎಲ್ಲ. ಆ ಎಂಟು ತಿಂಗಳು ನನ್ನನ್ನು ಭೇಟಿಯಾದವರೆಲ್ಲ ಎದ್ದು ನಿಲ್ಲು ಎಂದೇ ಹೇಳಿದ್ದರು. ಪ್ರೀತಿಯಿಂದಲೇ, ನಿಜ. ಬೀಳಬಹುದು ಎಂದು ಒಬ್ಬರೂ ಹೇಳಿರಲಿಲ್ಲ. ನಾನು ಜೋರಾಗಿ ಅತ್ತೆ. ಅವರು ಚಿತ್ರ ಹಿಡಿದುಕೊಂಡೇ ನಿಂತಿದ್ದರು, ಕೆಳಗಿಡಲಿಲ್ಲ. ಅದು ಹಗುರವಾದದ್ದೇನಲ್ಲ.

"ಬೀಳಲಿ" ಎಂದೆ. ಹಾಗೆಯೇ ಹಾಕಿದರು.

ಮುಗಿದಾಗ ನಾಲ್ಕೂವರೆ. ಕೂಲಿ ತೆಗೆದುಕೊಂಡರು, ರಾತ್ರಿಯ ಲೆಕ್ಕವನ್ನೂ ಸೇರಿಸಿ. ಅದು ನನಗೆ ಬಹಳ ಹಿಡಿಸಿತು.

ಕೊನೆಯ ದಿನ ಸಂಜೆ ಹೆಂಡತಿಯನ್ನು ಕರೆದುಕೊಂಡು ಬಂದಿದ್ದರು. ನಾನು ದೂರದಿಂದ ನೋಡುತ್ತಿದ್ದೆ. ಹದಿನಾಲ್ಕನೆಯದರ ಮುಂದೆ ನಿಂತು, ಅತ್ತಿತ್ತ ನೋಡಿ, ಅದರ ಕೆಳಗಿನ ಅಂಚನ್ನು ಗೋಡೆಯಿಂದ ಮೆಲ್ಲನೆ ಎತ್ತಿದರು. ಆಕೆ ಬಗ್ಗಿ ಬೆನ್ನಿನ ಮೂಲೆ ಕೂಡಿಸಿದ ಕೆಲಸ ನೋಡಿ ತಲೆದೂಗಿದರು.