ನಮ್ಮ ಕೇರಿಯ ಹಕ್ಕುಪತ್ರಗಳ ಹಿಂದೆ ನಿಂತವರಿಗೆ

ಕಳೆದ ವಾರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನಮ್ಮ ಕೇರಿಯ ಕೊನೆಯ ಸಾಲಿನ ಮನೆಗಳ ಹಕ್ಕುಪತ್ರಗಳೂ ನೋಂದಣಿಯಾದವು. ಹೆಚ್ಚಿನವು ಮನೆಯ ಹೆಂಗಸರ ಹೆಸರಿನಲ್ಲಿವೆ, ಉಳಿದವು ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿವೆ. ಈ ಕೆಲಸ ಎಲ್ಲಿ ಶುರುವಾಯಿತು, ಕಡತ ಯಾವ ಮೇಜಿನ ಮೇಲೆ ಎಷ್ಟು ಕಾಲ ಕುಳಿತಿತ್ತು ಎಂಬುದು ಇದನ್ನು ಓದುವ ಬಹುತೇಕರಿಗೆ ತಿಳಿದೇ ಇರುವುದರಿಂದ ಅದನ್ನು ಮತ್ತೆ ಬರೆಯುವುದಿಲ್ಲ. ಇದು ಯಾರಿಂದ ಆಯಿತು ಎಂಬುದನ್ನು ಮಾತ್ರ ಬರೆದಿಡಬೇಕಾಗಿದೆ, ಏಕೆಂದರೆ ವಿತರಣಾ ಸಮಾರಂಭದ ವಂದನಾರ್ಪಣೆಯಲ್ಲಿ ಅವರಲ್ಲಿ ಒಬ್ಬರ ಹೆಸರೂ ಬರಲಿಲ್ಲ.

ಒಂದು ರೂಪಾಯಿ ಶುಲ್ಕವನ್ನೂ ಕೇಳದೆ ನ್ಯಾಯಾಲಯದಲ್ಲಿ ನಮ್ಮ ಪರವಾಗಿ ನಿಂತ ವಕೀಲರಿಗೆ, ಮನೆಮನೆಯ ಅಳತೆ ತೆಗೆದು ನಕ್ಷೆ ಬರೆದ ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ, ಸಭೆಗಳಿಗೆ ಅಂಗಳ ಬಿಟ್ಟುಕೊಟ್ಟ ಮಸೀದಿಯ ಸಮಿತಿಗೆ ಮತ್ತು ಮಾರಮ್ಮನ ಗುಡಿಯ ಹಿರಿಯರಿಗೆ, ನಮ್ಮ ಅರ್ಜಿಗಳನ್ನು ಪುಕ್ಕಟೆಯಾಗಿ ಟೈಪು ಮಾಡಿಕೊಟ್ಟ ಜೆರಾಕ್ಸ್ ಅಂಗಡಿಯ ತಮ್ಮನಿಗೆ ನಮ್ಮೆಲ್ಲರ ನಮಸ್ಕಾರಗಳು. ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಕೆಲಸ ನಿಲ್ಲುತ್ತಿತ್ತು.

ಆದರೆ ದೊಡ್ಡಕ್ಕನವರ ಬಗ್ಗೆ ವಿವರವಾಗಿಯೇ ಬರೆಯಬೇಕು. ಹೆಸರು ಹಾಕಬೇಡ ಎಂದು ಅವರು ಹೇಳಿರುವುದರಿಂದ ನಾವೆಲ್ಲ ಕರೆಯುವ ಹಾಗೆಯೇ ಇಲ್ಲಿಯೂ ಕರೆಯುತ್ತೇನೆ. ಅವರು ನಮ್ಮ ಕೇರಿಯವರಲ್ಲ. ಊರಿನ ಇನ್ನೊಂದು ತುದಿಯಲ್ಲಿರುವ ಅವರ ಕೇರಿಗೆ ಹಕ್ಕುಪತ್ರ ಬಂದು ಬಹಳ ಕಾಲವಾಗಿದೆ. ಹೂ ಕಟ್ಟಿ ಮಾರುವ ಅವರಿಗೆ ಬೆಳಗಿನ ಮಾರುಕಟ್ಟೆ ತಪ್ಪಿದರೆ ಆ ದಿನದ ಸಂಪಾದನೆಯೇ ಇಲ್ಲ. ಹೀಗಿದ್ದೂ, ತೆರವಿಗೆ ಬಂದ ಜೆ.ಸಿ.ಬಿ. ಸಂಜೆ ಮೊದಲ ಸಾಲಿನ ಗೋಡೆಗಳನ್ನು ಕೆಡವಿ, ಉಳಿದದ್ದಕ್ಕೆ ಬೆಳಿಗ್ಗೆ ಬರುತ್ತೇವೆಂದು ಹೇಳಿ ಹೋದ ಆ ದಿನ, ಕೇರಿಗಳ ಒಕ್ಕೂಟದಿಂದ ಸುದ್ದಿ ತಿಳಿದ ಕೂಡಲೇ ಕೊನೆಯ ಬಸ್ಸು ಹಿಡಿದು ಮೊದಲು ಬಂದವರು ಅವರೇ.

ಮಳೆ ಹಿಡಿದಿತ್ತು. ಗಂಡಸರು ರಸ್ತೆ ತಡೆಯೋಣವೆಂದು ಕೂಗುತ್ತಿದ್ದರು, ಹೆಂಗಸರು ಬಿದ್ದ ಗೋಡೆಗಳ ನಡುವೆ ಪಾತ್ರೆ ಹುಡುಕುತ್ತಿದ್ದರು. ದೊಡ್ಡಕ್ಕ ಯಾರಿಗೂ ಸಮಾಧಾನ ಹೇಳಲು ಹೋಗಲಿಲ್ಲ. ಅಂಗನವಾಡಿಯ ಜಗುಲಿಗೆ ಟಾರ್ಪಾಲು ಕಟ್ಟಿಸಿ, ಕೆಳಗೆ ಚಾಪೆ ಹಾಸಿ ಕುಳಿತು, ಪ್ರತಿಯೊಂದು ಮನೆಯವರೂ ತಮ್ಮಲ್ಲಿರುವ ಕಾಗದವನ್ನೆಲ್ಲ ತರಬೇಕೆಂದರು. "ಗೋಡೆ ಬಿದ್ರೆ ಎಬ್ಬಿಸಬೋದು ಕಣವ್ವಾ, ಕಾಗದ ನೆನೆದ್ರೆ ಯಾರ್ ಕೊಡ್ತಾರೆ?" ಎಂದು ನನ್ನನ್ನು ಗದರಿಸಿ ಟ್ರಂಕು ತರಲು ಕಳಿಸಿದ್ದು ಈಗಲೂ ಕಿವಿಯಲ್ಲಿದೆ. ಪಡಿತರ ಚೀಟಿ, ಕರೆಂಟ್ ಬಿಲ್ಲು, ಮತದಾರರ ಗುರುತಿನ ಚೀಟಿ, ಹೆರಿಗೆಯ ತಾಯಿ ಕಾರ್ಡು, ಮಕ್ಕಳ ಟಿ.ಸಿ. ಹೀಗೆ ಒಂದೊಂದು ಮನೆಯದನ್ನೂ ಮೊಬೈಲಿನ ಬೆಳಕಿನಲ್ಲಿ ಬೇರ್ಪಡಿಸಿ, ವರ್ಷಗಳ ಪ್ರಕಾರ ಜೋಡಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿದರು. ಓದು ಬರಹ ಬಾರದ ಅವರು ಕಾಗದದ ಬಣ್ಣ ಮತ್ತು ಮೊಹರು ನೋಡಿಯೇ ಯಾವುದು ಯಾವುದೆಂದು ಗುರುತಿಸುತ್ತಿದ್ದರು, ಪಕ್ಕದಲ್ಲಿ ಪಿ.ಯು.ಸಿ. ಓದುವ ಹುಡುಗಿಯೊಬ್ಬಳು ಪಟ್ಟಿ ಬರೆಯುತ್ತಿದ್ದಳು. ನಡುರಾತ್ರಿ ಮೂರು ಕಲ್ಲು ಹೂಡಿ ಗಂಜಿ ಕಾಯಿಸಿದ್ದೂ ಅವರೇ. ಬೆಳಕು ಹರಿಯುವ ಹೊತ್ತಿಗೆ ಪಟ್ಟಿ ವಕೀಲರ ಕೈ ಸೇರಿತ್ತು, ಅದರ ಬಲದ ಮೇಲೆಯೇ ಅಂದು ತಡೆಯಾಜ್ಞೆ ಸಿಕ್ಕಿತು.

ಕಾಗದದ ಮೇಲೆ ಅವರಿಗೇಕೆ ಅಷ್ಟು ನಂಬಿಕೆ ಎಂಬುದು ನನಗೆ ಆಮೇಲೆ ತಿಳಿಯಿತು. ಮುಂಬಯಿಯ ಪಾದಚಾರಿ ಮಾರ್ಗಗಳಲ್ಲಿ ವಾಸಿಸುತ್ತಿದ್ದವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರ ಜುಲೈನಲ್ಲಿ ಜೀವನೋಪಾಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ಹೇಳಿತು. ಅದನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದೇ ತೀರ್ಪು ಆ ಜನರನ್ನು ತೆರವುಗೊಳಿಸುವುದನ್ನು ಶಾಶ್ವತವಾಗಿ ತಡೆಯಲಿಲ್ಲ. 1976ರ ಗಣತಿಯಲ್ಲಿ ಗುರುತಿನ ಚೀಟಿ ಪಡೆದಿದ್ದವರಿಗೆ ಬದಲಿ ಜಾಗ ಕೊಡಬೇಕೆಂದು ಹೇಳಿತು. ಎಣಿಕೆಯಲ್ಲಿ ಸೇರಿದವರಿಗೂ ಸೇರದವರಿಗೂ ನಡುವೆ ಅಷ್ಟು ದೊಡ್ಡ ಅಂತರವಿತ್ತು. ಅದೇ 1985ರಲ್ಲಿ ಮುಂಬಯಿಯ ಬೈಕುಲ್ಲಾದ ಪಾದಚಾರಿ ಮಾರ್ಗದ ನಿವಾಸಿಗಳು, ಅದರ ಹಿಂದಿನ ವರ್ಷ ಸ್ಥಾಪನೆಯಾಗಿದ್ದ, ನಗರದ ಬಡವರ ವಸತಿಗಾಗಿ ದುಡಿಯುವ ಸ್ಪಾರ್ಕ್ ಎಂಬ ಸ್ವಯಂಸೇವಾ ಸಂಸ್ಥೆಯೊಂದಿಗೆ ಸೇರಿ ತಮ್ಮ ಗಣತಿಯನ್ನು ತಾವೇ ಮಾಡಿಕೊಂಡರು, ಮತ್ತು ಮಹಿಳಾ ಮಿಲನ್ ಎಂಬ ಉಳಿತಾಯ ಗುಂಪುಗಳ ಜಾಲವನ್ನು ಕಟ್ಟಿದವರು ಅಲ್ಲಿನ ಹೆಂಗಸರೇ. ದೊಡ್ಡಕ್ಕನವರ ತಲೆಮಾರಿನ ಕಾರ್ಯಕರ್ತೆಯರು ಆ ದಾರಿಯನ್ನು ಕೇಳಿ, ನೋಡಿ ಕಲಿತವರು. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಲ್ಲಿ ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಕಳೆದುಕೊಂಡು ರಸ್ತೆ ಬದಿಗೆ ಬಿದ್ದಾಗ ಅಲ್ಲಿಗೆ ಹೋಗಿ ದುಡಿದವರಲ್ಲಿ ಅವರೂ ಇದ್ದರು.

ನಮ್ಮ ರಾಜ್ಯದಲ್ಲಿ 1973ರ ಕೊಳಚೆ ಪ್ರದೇಶಗಳ ಕಾಯ್ದೆಯ 3ನೇ ಪ್ರಕರಣದಡಿ ಕೊಳಗೇರಿಯೆಂದು ಘೋಷಣೆಯಾಗದ ಕೇರಿ ಸರ್ಕಾರದ ಲೆಕ್ಕದಲ್ಲಿ ಇದ್ದೂ ಇಲ್ಲದಂತೆ. ಘೋಷಣೆಯಾದ ಮೇಲೆಯೇ ಕೊಳಗೇರಿ ಅಭಿವೃದ್ಧಿ ಮಂಡಳಿ ನೀರು, ಚರಂಡಿ, ಮನೆಗಳ ವಿಚಾರಕ್ಕೆ ಕೈ ಹಾಕುತ್ತದೆ. ಆ ರಾತ್ರಿಯ ಪಟ್ಟಿಯೇ ಮುಂದೆ ನಮ್ಮ ಘೋಷಣೆಯ ಅರ್ಜಿಗೆ ಬುನಾದಿಯಾಯಿತು.

ಉಳಿತಾಯದ ಗುಂಪನ್ನು ಕಟ್ಟಿಸಿದ್ದೂ ದೊಡ್ಡಕ್ಕನವರೇ. ಪ್ರಧಾನ ಮಂತ್ರಿ ಆವಾಸ್ ಯೋಜನೆ 2015ರಲ್ಲಿ ನಗರಗಳಲ್ಲಿ ಆರಂಭವಾದಾಗ, ಸ್ವಂತ ಜಾಗದಲ್ಲಿ ಮನೆ ಕಟ್ಟಿಕೊಳ್ಳುವವರಿಗೆ ಕೇಂದ್ರದ ನೆರವು 1.5 ಲಕ್ಷ ರೂಪಾಯಿ ಎಂದು ನಿಗದಿಯಾಯಿತು. ಆದರೆ ಅದು ಕಂತುಗಳಲ್ಲಿ, ಕೆಲಸ ಮುಗಿದಷ್ಟಕ್ಕೆ ಮಾತ್ರ ಬರುತ್ತದೆ. ತಳಪಾಯಕ್ಕೆ ಮೊದಲು ಹಣ ಹಾಕಬೇಕಾದವರು ನಾವೇ, ಮತ್ತು ಬಡವರು ಬಡ್ಡಿ ಸಾಲಕ್ಕೆ ಸಿಕ್ಕಿಬೀಳುವುದು ಸರಿಯಾಗಿ ಆ ಹಂತದಲ್ಲಿಯೇ. ದಿನವೂ ಸಂಜೆ ಮನೆಮನೆಗೆ ಹೋಗಿ ಐದೋ ಹತ್ತೋ ರೂಪಾಯಿ ಕೂಡಿಸಿದ ನಮ್ಮ ಹೆಂಗಸರ ಪುಸ್ತಕದಿಂದ ಆ ಮೊದಲ ಹಣ ಬಂದಿತು. ಕಂತು ಬಂದಾಗ ಅದು ಮರಳಿ ಪುಸ್ತಕಕ್ಕೆ ಸೇರಿ ಮುಂದಿನ ಮನೆಯ ತಳಪಾಯಕ್ಕೆ ಹೋಯಿತು. ಯೋಜನೆಗಳು ಸರ್ಕಾರದವು, ಅವಕ್ಕೆ ನಾವು ಋಣಿಗಳು. ಆದರೆ ಅವು ನಮ್ಮ ಬಾಗಿಲಿನವರೆಗೆ ಬಂದದ್ದು ಈ ಪುಸ್ತಕ ಹಿಡಿದು ನಡೆದ ಕಾಲುಗಳಿಂದ ಎಂದು ನಾನು ದೃಢವಾಗಿ ನಂಬಿದ್ದೇನೆ.

ನನ್ನ ಹಕ್ಕುಪತ್ರ ಕೈಗೆ ಬಂದಾಗ ನಾನು ಅತ್ತುಬಿಟ್ಟೆ, ಆದರೆ ಅದು ಪೂರ್ತಿ ಸಂತೋಷದ ಅಳುವಾಗಿರಲಿಲ್ಲ. ಆ ರಾತ್ರಿ ಅದೇ ಟಾರ್ಪಾಲಿನ ಕೆಳಗೆ ನಮ್ಮೊಂದಿಗೆ ಕುಳಿತಿದ್ದ ಬಾಡಿಗೆದಾರ ಕುಟುಂಬಗಳ ಹೆಸರು ಫಲಾನುಭವಿಗಳ ಪಟ್ಟಿಯಲ್ಲಿಲ್ಲ. ಅವರೂ ನೆನೆದರು, ಅವರ ಮಕ್ಕಳೂ ಚಳಿಗೆ ನಡುಗಿದವು, ಅವರ ಪಾತ್ರೆಗಳೂ ಆ ಕೆಸರಿನಲ್ಲಿ ಹೋದವು. ಬಾಡಿಗೆಯ ಮನೆಗೆ ರಸೀದಿಯನ್ನು ಅವರಿಗೆ ಯಾರು ಕೊಟ್ಟಿದ್ದರು? ಅವರಲ್ಲಿ ಕೆಲವರು ಊರು ಬಿಟ್ಟು ಹೋದರು, ಎಲ್ಲಿದ್ದಾರೋ ತಿಳಿಯದು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ. ಅವರು ನಮ್ಮೊಂದಿಗೆ ಕುಳಿತಿದ್ದರಿಂದಲೇ ಬೆಳಿಗ್ಗೆ ಯಂತ್ರದ ಮುಂದೆ ನಾವು ಅಷ್ಟು ಜನವಾಗಿ ನಿಲ್ಲಲು ಸಾಧ್ಯವಾಯಿತು ಎಂಬುದನ್ನು ಎಲ್ಲರೂ ಓದುವಂತೆ ಇಲ್ಲಿ ದಾಖಲಿಸುತ್ತಿದ್ದೇನೆ. ಇನ್ನೂ ಕೇರಿಯಲ್ಲೇ ಉಳಿದಿರುವ ಬಾಡಿಗೆದಾರರ ಪರವಾಗಿ ಪ್ರತ್ಯೇಕ ಅರ್ಜಿಯೊಂದನ್ನು ಒಕ್ಕೂಟವು ಸಿದ್ಧಪಡಿಸಿದೆ, ಅದಕ್ಕೆ ನಮ್ಮ ಕೇರಿಯ ಎಲ್ಲ ಹಕ್ಕುದಾರರೂ ಸಹಿ ಅಥವಾ ಹೆಬ್ಬೆಟ್ಟು ಹಾಕಿದ್ದಾರೆ.

ದೊಡ್ಡಕ್ಕನವರಿಗೆ ಸೀರೆ ಕೊಟ್ಟು, ಶಾಲು ಹೊದಿಸಿ ಸನ್ಮಾನಿಸಬೇಕೆಂದು ಹೋದೆವು. ಸೀರೆ ತೆಗೆದುಕೊಂಡರು, ಸಭೆ ಬೇಡವೆಂದರು. ಅದರ ಬದಲು, ರೈಲ್ವೆ ಹಳಿಯ ಆಚೆಗಿನ ಕೇರಿಗೆ ನೋಟಿಸು ಬಂದಿದೆ, ಅಲ್ಲಿ ಮನೆಗಳ ಪಟ್ಟಿ ಮಾಡಲು ನಮ್ಮ ಹುಡುಗಿಯರನ್ನು ಕಳಿಸಿ ಎಂದು ಕೇಳಿದರು. ಬರುವ ಭಾನುವಾರ ಬೆಳಿಗ್ಗೆ ಎಂಟಕ್ಕೆ ನಮ್ಮ ಅಂಗನವಾಡಿಯ ಬಳಿಯಿಂದ ಹೊರಡುತ್ತೇವೆ. ಅಳತೆ ಟೇಪು, ನಮೂನೆಗಳು, ಪ್ಲಾಸ್ಟಿಕ್ ಚೀಲಗಳು ನಮ್ಮಲ್ಲಿವೆ. ಕನ್ನಡದ ಜೊತೆಗೆ ಉರ್ದು ಓದಲು ಬರುವ ಇಬ್ಬರು ಮತ್ತು ಫೋಟೊ ತೆಗೆಯಲು ಒಳ್ಳೆಯ ಮೊಬೈಲು ಇರುವ ಒಬ್ಬರು ನಮ್ಮೊಂದಿಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.