ಉಸ್ತೆದ್‌ಗೂ ಉಸ್ತಾದ್‌ಗೂ ನೆಂಟಸ್ತಿಕೆ ಇಲ್ಲ

ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಸ್ಪ್ಯಾನಿಷ್ ಕಲಿಯುವವರಿಗೆ ಅಂತ ಬಂದ ಬರಹ ಓದಿದೆ. ಸ್ಪ್ಯಾನಿಷ್‌ನ 'ಉಸ್ತೆದ್' ಅಂದರೆ ನಮ್ಮ 'ನೀವು', ಅದು ಅರಬಿಯಲ್ಲಿ ಗುರು ಅನ್ನುವ ಅರ್ಥದ 'ಉಸ್ತಾದ್' ಪದದಿಂದಲೇ ಬಂದದ್ದು ಅಂತ ಅದರಲ್ಲಿದೆ. ಮೊದಲನೆಯದು ಅರ್ಧ ಸರಿ. ಎರಡನೆಯದು ಪೂರ್ತಿ ತಪ್ಪು.

ಅರಬರು ಸ್ಪೇನಿನಲ್ಲಿ ಶತಮಾನಗಟ್ಟಲೆ ಇದ್ದವರು, ಅಲ್ಲಿನ ಸಕ್ಕರೆ, ಎಣ್ಣೆಯ ಹೆಸರುಗಳೇ ಅರಬಿಯಿಂದ ಬಂದಿವೆ, ಹಾಗಾಗಿ ಉಸ್ತಾದ್ ನೆನಪಾಗುವುದು ಸಹಜ. ಆದರೆ ಉಸ್ತೆದ್ ಹುಟ್ಟಿದ್ದು 'ಬುವೆಸ್ತ್ರಾ ಮೆರ್ಸೆದ್' ಅನ್ನುವ ಎರಡು ಪದಗಳಿಂದ. ಹೆಚ್ಚುಕಡಿಮೆ 'ತಮ್ಮ ಕೃಪೆ' ಅಂತ ಅರ್ಥ. ಬಾಯಿಂದ ಬಾಯಿಗೆ ಸವೆದು ಸವೆದು ಬುಸ್ತೆದ್ ಆಗಿ, ಆಮೇಲೆ ಉಸ್ತೆದ್ ಆಯಿತು. ಈ ನಡುವಿನ ರೂಪಗಳು ಹಳೆಯ ಬರಹಗಳಲ್ಲೇ ಸಿಗುತ್ತವೆ. ಪಕ್ಕದ ಪೋರ್ಚುಗೀಸ್‌ನಲ್ಲೂ ಇದೇ ಕಥೆ: 'ವೊಸ್ಸ ಮೆರ್ಸೆ' ಸವೆದು 'ವೊಸೆ' ಆಗಿದೆ. ಅದಕ್ಕೂ ಉಸ್ತಾದ್ ಕಾರಣವಾ?

ಇನ್ನು 'ನೀವು' ವಿಚಾರ. ನಮ್ಮಲ್ಲಿ ಗೌರವ ಅಂದರೆ ಬಹುವಚನ, ಏಕವಚನದಲ್ಲಿ ಮಾತಾಡಿಸಿದ ಅಂತಲೇ ಜಗಳ ಆಗುತ್ತದೆ ಅಲ್ವಾ? ಉಸ್ತೆದ್ ಮಾತ್ರ ಏಕವಚನ. ಇಬ್ಬರಿದ್ದರೆ 'ಉಸ್ತೆದೆಸ್' ಅನ್ನಬೇಕು. ಜೊತೆಗೆ ಕ್ರಿಯಾಪದ 'ಅವನು, ಅವಳು' ರೂಪದಲ್ಲೇ ಬರುತ್ತದೆ, ಯಾಕೆಂದರೆ ಮಾತಾಡುತ್ತಿರುವುದು ಎದುರಿನವರ ಜೊತೆಗಾದರೂ ವ್ಯಾಕರಣದ ಲೆಕ್ಕದಲ್ಲಿ ಹೇಳುತ್ತಿರುವುದು ಅವರ ಕೃಪೆಯ ಬಗ್ಗೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಗೌಡರ ಮುಂದೆ ನಿಂತು "ಬುದ್ಧಿಯೋರು ಏನಂತಾರೆ" ಅಂತ ಅವರನ್ನೇ ಕೇಳುತ್ತಿದ್ದರಲ್ಲ, ಆ ಜಾಡು ಇದು. 'ಸು ಕಾಸಾ' ಅಂದರೆ ನಿಮ್ಮ ಮನೆಯೂ ಆಗಬಹುದು, ಅವನ ಮನೆಯೂ ಆಗಬಹುದು. ಮೆಕ್ಸಿಕೋದವರಂತೂ ಮರ್ಯಾದೆಗಾಗಿ ತಮ್ಮ ಮನೆಯನ್ನೇ 'ನಿಮ್ಮ ಮನೆ' ಅಂದುಬಿಡುತ್ತಾರೆ, ಹೊಸಬರು ಕಕ್ಕಾಬಿಕ್ಕಿ.

ದೊಡ್ಡವರಿಗೆ ಉಸ್ತೆದ್, ಸಮಾನರಿಗೆ 'ತು', ಅಂದರೆ ನೀನು, ಅನ್ನುವ ನಿಯಮವೂ ಎಲ್ಲ ಕಡೆ ನಡೆಯಲ್ಲ. ಸ್ಪೇನಿನಲ್ಲಿ ಈಗ ಅಂಗಡಿಯವರೂ ಗುರುತಿಲ್ಲದ ಗಿರಾಕಿಗೆ ತು ಅನ್ನುವುದು ಮಾಮೂಲು. ಕೊಲಂಬಿಯಾದ ಬೊಗೊಟಾದಲ್ಲಿ ಆಪ್ತ ಗೆಳೆಯರು, ಅಣ್ಣತಮ್ಮಂದಿರು ಉಸ್ತೆದ್ ಅಂತಲೇ ಹರಟುತ್ತಾರೆ. ಆ ಸುತ್ತಮುತ್ತ 'ಸುಮೆರ್ಸೆ' ಅಂತ ಇನ್ನೊಂದಿದೆ, ಅದೂ ಕೃಪೆ ಅನ್ನುವ 'ಮೆರ್ಸೆದ್'ನಿಂದಲೇ ಬಂದದ್ದು, ಆದರೆ ಕೇಳಿಸುವುದು ಪ್ರೀತಿಯಾಗಿ. ಕೋಸ್ಟಾರಿಕಾದಲ್ಲಿ ಮಕ್ಕಳಿಗೂ ಉಸ್ತೆದ್, ನಾಯಿಗೂ ಉಸ್ತೆದ್! ಅರ್ಜೆಂಟೀನಾದವರು ನೀನು ಅನ್ನೋಕೆ ತು ಬಿಟ್ಟು 'ವೋಸ್' ಹಿಡಿದಿದ್ದಾರೆ. ಲ್ಯಾಟಿನ್ ಅಮೆರಿಕದಲ್ಲಿ ತಾಯಿ ತನ್ನ ಮಕ್ಕಳನ್ನು ಒಟ್ಟಿಗೆ ಕರೆದರೂ ಉಸ್ತೆದೆಸ್ಸೇ, ಅಲ್ಲಿ ಗೌರವ ಹುಡುಕಿದರೆ ಸುಮ್ನೆ ತಲೆನೋವು.

ಇಲ್ಲಿ ಕಾಲ್ ಸೆಂಟರ್ ಕೆಲಸಕ್ಕೆ ಅಂತ ಸ್ಪ್ಯಾನಿಷ್ ಕಲಿಯುವ ಹುಡುಗರು ಜಾಸ್ತಿ ಇದ್ದಾರೆ. ಗಿರಾಕಿಯ ಜೊತೆ ಉಸ್ತೆದ್‌ನಿಂದ ಶುರುಮಾಡಲಿ, ಅವರೇ ತು ಅನ್ನಿ ಅಂದರೆ ಬದಲಾಯಿಸಲಿ. ಉಸ್ತೆದ್ ಅಂತ ಪೂರ್ತಿ ಬರೆದರೆ ಮೊದಲಕ್ಷರ ಸಣ್ಣದು (usted), ಚುಟುಕಾಗಿ ಬರೆದರೆ ಮಾತ್ರ ದೊಡ್ಡದು (Ud.), ಇಮೇಲ್ ಬರೆಯುವವರಿಗೆ ಇದೂ ಬೇಕು. ಉಸ್ತಾದ್ ಕಥೆಯನ್ನು ಮಾತ್ರ ಮುಂದಿನ ಭಾನುವಾರ ತಿದ್ದಿ ಹಾಕಿ.

— ಒಬ್ಬ ಓದುಗ, ಬೆಂಗಳೂರು