ಆ ಶವರ್ ಸೀನ್ ತೆಗೆದುಬಿಡು

ಪ್ರೀತಿಯ ಚಿನ್ನು,

ಸ್ಕ್ರಿಪ್ಟ್ ಓದಿದೆ. ಅತ್ಯಾಚಾರಕ್ಕೊಳಗಾದ ಹುಡುಗಿ ಕೊನೆವರೆಗೂ ಬಾಯಿ ಬಿಡುವುದಿಲ್ಲ ಅನ್ನುವುದು ನನಗೆ ಹಿಡಿಸಿತು. ಆದರೆ ಬಟ್ಟೆ ಸಮೇತ ಶವರ್ ಕೆಳಗೆ ಕೂತು ಮೈ ಉಜ್ಜಿಕೊಳ್ಳುವುದು, ಒಡೆದ ಬಳೆ, ಹೊರಗೆ ಗುಡುಗು, ಇದನ್ನೆಲ್ಲ ತೆಗೆದುಬಿಡು ಕಣೋ. ಎಷ್ಟು ಸಿನಿಮಾದಲ್ಲಿ ನೋಡಿದ್ದೇವೆ ಅಂದರೆ ಈಗ ಅಲ್ಲಿ ಹುಡುಗಿ ಕಾಣುವುದೇ ಇಲ್ಲ, ಹೀರೋ ಯಾವಾಗ ಸೇಡಿಗೆ ಹೊರಡುತ್ತಾನೆ ಅಂತ ಕಾಯುತ್ತಾ ಕೂತಿರುತ್ತೇವೆ.

ಇದು ಬರೀ ಸಿನಿಮಾ ರುಚಿಯ ವಿಷಯ ಅಲ್ಲ. 2020ರ ಜೂನ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಒಂದು ನಿರೀಕ್ಷಣಾ ಜಾಮೀನು ಆದೇಶ ಬಂತಲ್ಲ, ಅತ್ಯಾಚಾರವಾದ ಮೇಲೆ ದಣಿದು ನಿದ್ದೆ ಹೋದೆ ಅಂತ ದೂರುದಾರೆ ಹೇಳಿದ್ದು ಭಾರತೀಯ ಹೆಣ್ಣಿಗೆ ತಕ್ಕದ್ದಲ್ಲ, ನಮ್ಮ ಹೆಂಗಸರು ಹೀಗೆ ನಡೆದುಕೊಳ್ಳುವುದಿಲ್ಲ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ಗಲಾಟೆಯಾಯಿತು, ಆಮೇಲೆ ಆ ಮಾತನ್ನು ತೆಗೆದರು. ನಮ್ಮ ಹೆಂಗಸರು ‘ಹೇಗೆ’ ನಡೆದುಕೊಳ್ಳಬೇಕು ಅಂತ ನಮಗೆಲ್ಲ ಕಲಿಸಿದ್ದರಲ್ಲಿ ಟಾಕೀಸಿನ ಪಾಲು ಕಮ್ಮಿ ಇಲ್ಲ. ನಿಜದಲ್ಲಿ ನಿದ್ದೆ ಹೋಗುವವರಿದ್ದಾರೆ. ಮರುದಿನ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗುವವರಿದ್ದಾರೆ. ನಗುವವರೂ ಇದ್ದಾರೆ.

ಮೀರಾ ನಾಯರ್ ಅವರ ‘ಮಾನ್ಸೂನ್ ವೆಡ್ಡಿಂಗ್’ (2001) ನೋಡು. ಮದುವೆ ಮನೆ, ದುಡ್ಡಿರುವ ತೇಜ್ ಅಂಕಲ್ ರಿಯಾಳ ಅಮೆರಿಕಾ ಓದಿನ ಖರ್ಚು ತಾನೇ ಕೊಡುತ್ತೇನೆ ಅನ್ನುತ್ತಾನೆ. ಮನೆಯವರಿಗೆಲ್ಲ ಖುಷಿ. ರಿಯಾ ಆಗಿರುವ ಶೆಫಾಲಿ ಶಾ ಮುಖ ಮಾತ್ರ ಅರಳುವುದಿಲ್ಲ. ಅಳು ಇಲ್ಲ, ಫ್ಲ್ಯಾಶ್‌ಬ್ಯಾಕ್ ಇಲ್ಲ. ಆಮೇಲೆ ಅವಳ ಕಣ್ಣು ಆ ಮನುಷ್ಯನ ಹತ್ತಿರ ಸುಳಿದಾಡುವ ಪುಟ್ಟ ಹುಡುಗಿ ಮೇಲೇ ಇರುತ್ತದೆ. ಚಿಕ್ಕಂದಿನಲ್ಲಿ ಅವನು ತನ್ನ ಮೇಲೆ ನಡೆಸಿದ ದೌರ್ಜನ್ಯವನ್ನು ಅವಳು ಬಾಯಿ ಬಿಟ್ಟು ಹೇಳುವ ಹೊತ್ತಿಗೆ ನಮಗೆ ಅರ್ಧ ಗೊತ್ತಾಗಿರುತ್ತದೆ. ಮನೆಯವರಿಗೆ ಯಾಕೆ ಗೊತ್ತಾಗಲಿಲ್ಲ ಅಂತ ಸಿಟ್ಟು ಬರುತ್ತದೆ, ಅಲ್ವಾ, ಆ ಸಿಟ್ಟೇ ಬೇಕು ನಿನಗೆ.

ಇನ್ನೊಂದು ಹಳೇದು, 1948ರ ‘ಜಾನಿ ಬೆಲಿಂಡಾ’. ಕಿವಿ ಕೇಳದ, ಮಾತು ಬಾರದ ಹುಡುಗಿಯಾಗಿ ಜೇನ್ ವೈಮನ್ ಒಂದು ಮಾತೂ ಆಡದೆ ಆಸ್ಕರ್ ಗೆದ್ದಳು. ನಟನೆಗೆ ಕೈ ಮುಗಿಯಬೇಕು. ಆದರೆ ಕೊನೆಗೆ, ಅತ್ಯಾಚಾರ ಮಾಡಿದವನನ್ನು ಕೊಂದ ಆರೋಪದ ಮೇಲೆ ನಿಂತ ಕೋರ್ಟಿನಲ್ಲಿ ಅವಳನ್ನು ಉಳಿಸುವುದು ಅವಳ ಸಂಜ್ಞೆ ಅಲ್ಲ, ಆ ಸತ್ತವನ ಹೆಂಡತಿ ಬಾಯಿ ಬಿಡುವುದು. ನನಗದು ಸರಿಬರಲಿಲ್ಲ. ನಮ್ಮ 1872ರ ಸಾಕ್ಷ್ಯ ಕಾಯ್ದೆಯೇ ಮಾತು ಬಾರದವರು ಸಂಜ್ಞೆಯಲ್ಲಿ ಹೇಳಿದ್ದನ್ನು ಬಾಯಿಮಾತಿನ ಸಾಕ್ಷಿ ಅಂತ ಎಣಿಸಿತ್ತು. 2013ರಲ್ಲಿ ದುಭಾಷಿಯ ನೆರವು, ವಿಡಿಯೋ ರೆಕಾರ್ಡಿಂಗ್ ಕೂಡ ಸೇರಿಸಿದರು. ಕಾನೂನೇ ಅಷ್ಟು ಮುಂದೆ ಇರುವಾಗ ಸಿನಿಮಾ ಹಿಂದೆ ಬೀಳಬಾರದು.

ನಿನ್ನ ಕಥೆಯಲ್ಲಿ ಅಮ್ಮನ ಪಾತ್ರ ಸುಮ್ನೆ ಬಂದು ಹೋಗುತ್ತದೆ. ಅವಳನ್ನು ಬೆಳೆಸು. ಮಗಳು ಮಲಗುವಾಗ ಚಿಲಕ ಹಾಕಿ, ಸ್ಟೂಲನ್ನೂ ಬಾಗಿಲಿಗೆ ಒತ್ತಿ ಇಡುತ್ತಾಳೆ ಅಂತಿಟ್ಟುಕೋ. ಸ್ಟೂಲು ಎಳೆಯುವ ಸದ್ದು ಅಮ್ಮನಿಗೆ ಕೇಳುತ್ತದೆ. ಅವಳು ಏನು ಮಾಡುತ್ತಾಳೆ? ಅದನ್ನು ಬರೆ. ಹಲ್ಲೆಯ ದೃಶ್ಯವೇ ಬೇಡ. ಇಟ್ಟರೂ ನಟಿಸುವ ಹುಡುಗಿಗೆ ಪ್ರತಿ ಶಾಟನ್ನೂ ಮುಂಚೆಯೇ ಹೇಳಿ ಒಪ್ಪಿಗೆ ತಗೋ, ಸೆಟ್‌ನಲ್ಲಿ ಜಾಸ್ತಿ ಜನ ಇರಕೂಡದು.

ತಿದ್ದಿದ್ದನ್ನು ಕಳಿಸು. ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ದೊಡ್ಡಮ್ಮ